ಮೀಟರ್ ಆಮೇಲೆ, ಮೊದಲು ಪ್ಲಗ್ ಬಿಚ್ಚಿ

ಲ್ಯಾಪ್‌ಟಾಪ್‌ಗೆ ಎರಡೆರಡು ಪಾಸ್‌ವರ್ಡ್ ಹಾಕಿ ಕಾಪಾಡುವ ಆಫೀಸಿನಲ್ಲೇ ಪ್ಯಾಂಟ್ರಿಯ ಕೆಟಲ್ ಮಾತ್ರ ಟೇಪ್ ಸುತ್ತಿದ ವೈರಿನಲ್ಲಿ ಓಡುತ್ತಿರುತ್ತದೆ. ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಎಲ್ಲರಿಗೂ ಗೊತ್ತು. "ಚಪ್ಪಲಿ ಹಾಕ್ಕೊಂಡು ಮುಟ್ಟಿ ಸಾರ್, ಏನೂ ಆಗಲ್ಲ" ಅನ್ನುವ ಸಲಹೆಯೂ ಸಿಗುತ್ತದೆ.

ಗೋಡೆಯೊಳಗಿನ ವೈರಿಂಗ್ ಮಾತು ಬೇರೆ. ಪ್ಲಗ್ ಚುಚ್ಚಿ ಬಳಸುವ ಸಾಮಾನುಗಳನ್ನು ನಾವೇ ಹೇಗೆ ತಪಾಸಣೆ ಮಾಡಬಹುದು ಅನ್ನುವುದನ್ನಷ್ಟೇ ಇಲ್ಲಿ ನೋಡೋಣ. ಬ್ರಿಟನ್ನಿನಲ್ಲಿ ಇದಕ್ಕೆ ಪ್ಯಾಟ್ (ಪೋರ್ಟಬಲ್ ಅಪ್ಲಯನ್ಸ್ ಟೆಸ್ಟಿಂಗ್) ಟೆಸ್ಟ್ ಅನ್ನುತ್ತಾರೆ. ಅಲ್ಲಿನ ಆಫೀಸುಗಳಲ್ಲಿ ಪ್ಲಗ್ ಮೇಲೆ ಪಾಸ್ ಸ್ಟಿಕರ್ ಕಾಣುವುದು ಮಾಮೂಲು. ಬೆಂಗಳೂರಿನ ಕೋರಮಂಗಲದ ಮಹಡಿಮನೆಯ ಸ್ಟಾರ್ಟಪ್ ಆಗಲಿ, ಪೀಣ್ಯದ ಶೆಡ್ ಆಗಲಿ, ಮಾಡುವ ಕ್ರಮ ಒಂದೇ.

ಪಟ್ಟಿ ಮಾಡಿ

ಒಂದು ನೋಟ್‌ಬುಕ್, ಒಂದು ಮಾರ್ಕರ್, ಒಂದಷ್ಟು ಸ್ಟಿಕರ್ ಸಾಕು. ಕೆಟಲ್, ಮೈಕ್ರೋವೇವ್, ಟೇಬಲ್ ಫ್ಯಾನ್, ಪ್ರಿಂಟರ್, ಡ್ರಿಲ್ಲಿಂಗ್ ಮಷೀನ್ ಎಲ್ಲಕ್ಕೂ ನಂಬರ್ ಅಂಟಿಸಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗಳನ್ನು ಬಿಡಬೇಡಿ. ಅವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ದಿನಾ ತುಳಿಸಿಕೊಳ್ಳುವುದು ಅವೇ.

ಕಣ್ಣು, ಕೈ, ಮೂಗು

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಮೇಜಿನ ಮೇಲಿಟ್ಟುಕೊಳ್ಳಿ. ಹೆಚ್ಚಿನ ದೋಷಗಳು ಈ ಹಂತದಲ್ಲೇ ಸಿಕ್ಕಿಬೀಳುತ್ತವೆ. ವೈರನ್ನು ಎರಡು ಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿವರೆಗೆ ಸವರುತ್ತಾ ಹೋಗಿ. ಬಿರುಕು, ಟೇಪ್, ಕುರ್ಚಿಯ ಚಕ್ರ ಹತ್ತಿ ಚಪ್ಪಟೆಯಾದ ಜಾಗ ಕೈಗೇ ಗೊತ್ತಾಗುತ್ತದೆ. ಪಿನ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಎಲ್ಲೋ ಲೂಸ್ ಕನೆಕ್ಷನ್ ಇದೆ. ಆಗ ಪ್ಲಗ್ ಒಂದನ್ನೇ ಬದಲಿಸಿದರೆ ಸಾಲದು, ಸಾಕೆಟ್ ಕೂಡ ನೋಡಿಸಬೇಕು.

ಸ್ಕ್ರೂ ಇರುವ ಪ್ಲಗ್ ಆದರೆ ಬಿಚ್ಚಲೇಬೇಕು. ಕಂದು ವೈರ್ ಫೇಸ್ (ಕರೆಂಟ್ ತರುವುದು), ನೀಲಿ ನ್ಯೂಟ್ರಲ್ (ವಾಪಸ್ ಒಯ್ಯುವುದು), ಹಸಿರು-ಹಳದಿ ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು). ಹಳೆಯ ಸಾಮಾನುಗಳಲ್ಲಿ ಕೆಂಪು, ಕಪ್ಪು, ಹಸಿರು ಇರಬಹುದು. ಹೊರಗಿನ ರಬ್ಬರ್ ಕವಚ ಕ್ಲಾಂಪ್ ಕೆಳಗೆ ಬಿಗಿಯಾಗಿ ಕೂತಿರಬೇಕು. ಅರ್ತ್ ವೈರ್ ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಇರಬೇಕು. ಯಾರದ್ದಾದರೂ ಕಾಲು ಸಿಕ್ಕಿ ಜಗ್ಗಿದರೂ ಅದು ಎಲ್ಲಕ್ಕಿಂತ ಕೊನೆಗೆ ಕಿತ್ತುಬರಲಿ ಅಂತ. ಅರ್ತ್ ಪಿನ್ ಉದ್ದವಾಗಿರುವುದೂ ಇದೇ ಲೆಕ್ಕದಲ್ಲಿ: ಚುಚ್ಚುವಾಗ ಮೊದಲು ಕೂಡುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ.

ಇಷ್ಟೆಲ್ಲ ಯೋಚಿಸಿ ಮಾಡಿದ ಪ್ಲಗ್ ಬಿಚ್ಚಿದರೆ ಎಷ್ಟೋ ಸಲ ಕಾಣುವುದೇನು? ಹಸಿರು ವೈರನ್ನು ಕತ್ತರಿಸಿ ಹಿಂದಕ್ಕೆ ಮಡಚಿರುತ್ತಾರೆ. ಅದಿಲ್ಲದೆಯೂ ಮಷೀನ್ ಓಡುತ್ತದಲ್ವಾ! ಓಡುತ್ತದೆ, ನಿಜ. ಒಳಗಿನ ಫೇಸ್ ವೈರ್ ಸವೆದು ಲೋಹದ ಬಾಡಿಗೆ ತಾಗಿದ ದಿನ ಕರೆಂಟ್ ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಬರೀ ವೈರ್ ತುದಿಯನ್ನು ಬೆಂಕಿಕಡ್ಡಿಯಿಂದ ಸಾಕೆಟ್‌ಗೆ ಸಿಕ್ಕಿಸಿದ್ದು, ಅರ್ತ್ ತೂತಿಗೆ ಪೆನ್ನು ತುರುಕಿ ಟೂ ಪಿನ್ ಚುಚ್ಚಿದ್ದು ಕಂಡರೆ ಮುಂದಿನ ಹಂತವೇ ಬೇಡ. ಫೇಲ್.

ಎಲ್ಲ ಟೂ ಪಿನ್ ಸಾಮಾನೂ ಕೆಟ್ಟದ್ದಲ್ಲ. ಸಾಮಾನಿನ ಲೇಬಲ್ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್, ಅಂದರೆ ಕರೆಂಟ್ ಹೊರಗೆ ಬಾರದಂತೆ ಎರಡು ಪಟ್ಟು ರಕ್ಷಣೆ ಇರುವಂಥದ್ದು. ಅದಕ್ಕೆ ಅರ್ತ್ ಬೇಕಿಲ್ಲ. ಈಗಿನ ಡ್ರಿಲ್ಲಿಂಗ್ ಮಷೀನ್‌ಗಳಲ್ಲಿ ಬಹಳಷ್ಟು ಹೀಗೇ ಬರುತ್ತವೆ.

ಈಗ ಮೀಟರ್

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಪ್ಲಗ್ ಸಾಕೆಟ್‌ನಿಂದ ಹೊರಗಿರಲಿ. ಮೀಟರನ್ನು ಓಮ್‌ಗೆ (ಕರೆಂಟಿಗಿರುವ ತಡೆ ಅಳೆಯುವ Ω ಗುರುತಿಗೆ) ತಿರುಗಿಸಿ, ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿ ಬರೆದುಕೊಳ್ಳಿ. ನಂತರ ಒಂದು ಕಡ್ಡಿ ಅರ್ತ್ ಪಿನ್‌ಗೆ, ಇನ್ನೊಂದು ಸಾಮಾನಿನ ಲೋಹದ ಬಾಡಿಗೆ. ಬಣ್ಣ ಬಳಿದ ಕಡೆ ಬೇಡ, ಬಾಡಿಯ ಸ್ಕ್ರೂ ತಲೆ ಹಿಡಿಯಿರಿ. ಮೊದಲಿನ ಅಂಕಿ ಕಳೆದು ಉಳಿದದ್ದು ಒಂದು ಓಮ್ ದಾಟಿದರೆ ಪಕ್ಕಕ್ಕಿಡಿ. ಬೀಪ್ ಸದ್ದನ್ನು ನಂಬಬೇಡಿ, ಹತ್ತಾರು ಓಮ್ ಇದ್ದರೂ ಕೆಲವು ಮೀಟರ್ ಬೀಪ್ ಅನ್ನುತ್ತವೆ. ಅಳೆಯುತ್ತಲೇ ವೈರನ್ನು ಪ್ಲಗ್ ಹತ್ತಿರ ಅತ್ತಿತ್ತ ಅಲ್ಲಾಡಿಸಿ. ಅಂಕಿ ಕುಣಿದರೆ ಒಳಗೆ ತಂತಿ ತುಂಡಾಗಿದೆ.

ಒಳಗಿನ ಕರೆಂಟ್ ಬಾಡಿಗೆ ಸೋರುತ್ತಿದೆಯೇ ಅಂತ ನೋಡುವ ಇನ್ಸುಲೇಷನ್ ಪರೀಕ್ಷೆಗೆ ಮೆಗ್ಗರ್ ಅನ್ನುವ ಮೀಟರ್ ಬೇಕು. ಅದು 500 ವೋಲ್ಟ್ ಡಿಸಿ ಕೊಡುತ್ತದೆ, ಅದಕ್ಕೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಅರ್ತ್ ಎದುರು ಅಳೆಯುತ್ತಾರೆ. ಸಾಮಾನಿನ ಸ್ವಿಚ್ ಆನ್ ಇರಬೇಕು, ಇಲ್ಲದಿದ್ದರೆ ಸ್ವಿಚ್ ದಾಟಿ ಒಳಗೇನೂ ಪರೀಕ್ಷೆಯಾಗುವುದಿಲ್ಲ. ಕನಿಷ್ಠ ಒಂದು ಮೆಗಾಓಮ್ ಬರಬೇಕು. ನಮ್ಮ ಬೋರ್‌ವೆಲ್ ನೀರಿಗೆ ಹೀಟರ್ ಕಾಯಿಲ್ ಮೇಲೆ ಬೇಗ ಬಿಳಿ ಸುಣ್ಣ ಕಟ್ಟುತ್ತದೆ. ಅಂಥ ಕಾಯಿಲ್ ಜಾಸ್ತಿ ಕಾದು ಹಾಳಾಗುವುದರಿಂದ ಕೆಟಲ್, ಇಮ್ಮರ್ಷನ್ ರಾಡ್‌ಗಳಿಗೆ ಈ ಪರೀಕ್ಷೆ ತಪ್ಪಿಸಬೇಡಿ.

ಎಂಸಿಬಿ ಇದೆಯಲ್ಲ?

ಇದೆ, ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್ ಅದು. ಆದರೆ 16 ಆಂಪಿಯರ್‌ನ ಎಂಸಿಬಿ ವೈರಿಂಗ್ ಸುಡದಂತೆ ಕಾಯುತ್ತದೆ, ನಿಮ್ಮನ್ನಲ್ಲ. ಮನುಷ್ಯರ ಜೀವ ತೆಗೆಯಲು ಅದರ ಸಣ್ಣ ಪಾಲು ಸಾಕು. ಮನುಷ್ಯರನ್ನು ಕಾಯಲು ಇರುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ ಸ್ವಿಚ್. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಟಕ್ಕಂತ ಬೀಳಬೇಕು. ಕಂಪ್ಯೂಟರ್‌ಗಳನ್ನು ಸೇವ್ ಮಾಡಿ ಆಫ್ ಮಾಡಲು ಹೇಳಿದ ಮೇಲೆ ಒತ್ತಿ, ಇಲ್ಲದಿದ್ದರೆ ಆಫೀಸಿನವರೆಲ್ಲ ನಿಮ್ಮ ಮೇಲೆ ಬೀಳುತ್ತಾರೆ. ಬಟನ್ ಕೆಲಸ ಮಾಡಿತು ಅಂದ ಮಾತ್ರಕ್ಕೆ ಅರ್ತಿಂಗ್ ಸರಿ ಇದೆ ಅಂತ ಅಲ್ಲ, ಅದನ್ನು ಬೇರೆಯೇ ನೋಡಿಸಬೇಕು. ಬೇಸಿಗೆಯಲ್ಲಿ ಅರ್ತ್ ಪಿಟ್ (ಅರ್ತ್ ವೈರನ್ನು ನೆಲಕ್ಕೆ ಸೇರಿಸುವ ಗುಂಡಿ) ಒಣಗಿರುತ್ತದೆ. ಏಪ್ರಿಲ್‌ನಲ್ಲಿ ಅಳತೆ ಮಾಡಿಸಿದರೆ ಅದರ ನಿಜಬಣ್ಣ ಗೊತ್ತಾಗುತ್ತದೆ.

ಲೋಡ್ ಲೆಕ್ಕವೂ ಹಾಕಿ. 230 ವೋಲ್ಟ್‌ನಲ್ಲಿ 1500 ವಾಟ್‌ನ ಕೆಟಲ್ ಆರೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಅದೊಂದೇ ಜಾಸ್ತಿ. ಜೊತೆಗೆ ಮೈಕ್ರೋವೇವ್ ಬೇರೆ!

ಎಷ್ಟು ದಿನಕ್ಕೊಮ್ಮೆ?

ಕೈಯಲ್ಲಿ ಹಿಡಿದು ಕೆಲಸ ಮಾಡುವ ಗ್ರೈಂಡರ್, ಡ್ರಿಲ್ಲಿಂಗ್ ಮಷೀನ್‌ಗೆ ನನ್ನ ಪ್ರಕಾರ ಮೂರು ತಿಂಗಳಿಗೊಮ್ಮೆ. ಕೆಟಲ್, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ವರ್ಷಕ್ಕೊಮ್ಮೆ. ಇಟ್ಟ ಜಾಗ ಬಿಟ್ಟು ಕದಲದ ಕಂಪ್ಯೂಟರ್‌ಗೆ ಇನ್ನೂ ತಡವಾದರೂ ನಡೆಯುತ್ತದೆ.

ಫೇಲ್ ಆದದ್ದನ್ನು ಸುಮ್ನೆ ಮೂಲೆಗಿಟ್ಟರೆ ಮಾರನೇ ದಿನ ಯಾರೋ ಅದನ್ನೇ ಚುಚ್ಚಿರುತ್ತಾರೆ. ಪ್ಲಗ್ ಕತ್ತರಿಸಿ ತೆಗೆದಿಡಿ. ಪಾಸ್ ಆದವುಗಳ ನಂಬರ್, ತಾರೀಖು, ಅರ್ತ್‌ನ ಓಮ್ ಅಂಕಿ ಬರೆದಿಡಿ. ಹೋದ ವರ್ಷ 0.2 ಇದ್ದದ್ದು ಈ ಸಲ 0.7 ಆಗಿದ್ದರೆ, ಪಾಸ್ ಆಗಿದ್ದರೂ ಅದರ ವೈರ್ ಬದಲಿಸಿಬಿಡಿ.