ಹತ್ತು ರೊಟ್ಟಿಗೆ ಒಂದು ಕಥೆ

ನಾನು ವಿಜಯಪುರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಸಂಜೆ ಆರಕ್ಕೆ ಒಲೆ ಹಚ್ಚಿದರೆ ಎಂಟರವರೆಗೆ ಕೈ ಬಿಡುವಿಲ್ಲ. ಮಗ ಮೂರನೇ ಕ್ಲಾಸ್. ಅವನನ್ನು ದಿನಾ ಹೇಗೆ ಓದಿಸ್ತೀರಿ ಅಂತ ಓಣಿಯವರು ಕೇಳುತ್ತಾರೆ. ಮೊದಲು, ಪುಸ್ತಕ ನಿಮ್ಮ ಕಣ್ಣಿಗೆ ಕಾಣದ ಹಾಗೆ ಕೂತುಕೊಳ್ಳಿ ಅನ್ನುತ್ತೇನೆ.

ಹೋದ ವರ್ಷ ನಾನೂ ಪಕ್ಕದಲ್ಲೇ ಕೂತು, ಅಕ್ಷರದ ಮೇಲೆ ಬೆರಳಿಟ್ಟು, ತಪ್ಪಿದಲ್ಲೆಲ್ಲ ತಡೆಯುತ್ತಿದ್ದೆ. ಒಂದು ಪುಟ ಮುಗಿಯುವಷ್ಟರಲ್ಲಿ ಅವನಿಗೆ ಅಳು, ನನಗೆ ಸಿಟ್ಟು. ಒಂದಿನ ಜೋಳದ ಡಬ್ಬಿಗೆ ಕೈ ಹಾಕಿದರೆ ಕಾಳಿನ ಅಡಿಯಲ್ಲಿ ಪುಸ್ತಕ ಸಿಕ್ಕಿತು. ಬಚ್ಚಿಟ್ಟಿದ್ದ!

ಆಮೇಲೆ ಒಂದು ಸಂಜೆ ಮದುವೆ ಮನೆಯ ದೊಡ್ಡ ಆರ್ಡರ್ ಇತ್ತು. "ತಮ್ಮಾ, ಅಲ್ಲೇ ಕುಂತು ಓದು, ನಾ ಕೇಳ್ತೀನಿ" ಅಂದೆ. ಕೈ ತುಂಬ ಹಿಟ್ಟು, ಕಣ್ಣು ಹಂಚಿನ ಮೇಲೆ. ಅವನು ಅಕ್ಷರ ತಪ್ಪಿದರೂ ನನಗೆ ಕಾಣುವುದಿಲ್ಲ. ಕಥೆ ತಿಳಿಯದಿದ್ದಾಗ ಮಾತ್ರ "ಯಾರು ಓಡಿದ್ದು, ಆನೀನಾ ಇಲೀನಾ?" ಅಂತ ಕೇಳಿದೆ. ಅವನೇ ಹಿಂದೆ ಹೋಗಿ ಆ ಸಾಲು ಮತ್ತೆ ಓದಿದ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಕೇಳಿಸಬೇಕಲ್ಲ, ದನಿಯೂ ಏರಿತು. ಅವತ್ತಿನಿಂದ ಅದೇ ಪದ್ಧತಿ.

ಹೊತ್ತು ನೋಡಿ 'ಓದುವ ಟೈಮ್' ಅಂತ ಬೇರೆ ಇಟ್ಟರೆ ನಾಲ್ಕು ದಿನಕ್ಕೆ ಮುಗೀತು. ನೀವು ದಿನಾ ತಪ್ಪಿಸದ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ. ಕಾಯಿಪಲ್ಯ ಸೋಸುವುದು, ಬಟ್ಟೆ ಮಡಚುವುದು, ಯಾವುದಾದರೂ ಸರಿ. ನಮ್ಮದು ಹತ್ತು ರೊಟ್ಟಿಯ ಲೆಕ್ಕ, ಅಂದರೆ ಕಾಲು ತಾಸು. ಹತ್ತನೆಯದು ಹಂಚಿನಿಂದ ಇಳಿದಾಗ ಕಥೆ ಅರ್ಧಕ್ಕೇ ಇದ್ದರೂ ನಿಲ್ಲಿಸುತ್ತೇನೆ. "ಇನ್ನೊಂದು ರೊಟ್ಟಿ ಮಾಡವ್ವಾ" ಅಂತ ಅವನೇ ಗೋಗರೆಯುತ್ತಾನೆ. ಟಿವಿ ಆಗ ಬಂದ್. ಮನೆಯವರ ಮೊಬೈಲ್ ಕೂಡ. ಅದಕ್ಕೆ ಸ್ವಲ್ಪ ಜಗಳವಾಯ್ತು, ಬಿಡಿ.

ಪುಸ್ತಕದ ಕನ್ನಡ ನಮ್ಮ ಮನೆ ಮಾತಲ್ಲ. ಪುಸ್ತಕದಲ್ಲಿ 'ನರಿ ಕಾಡಿಗೆ ಹೋಗುತ್ತಿತ್ತು' ಅಂತಿದ್ದರೆ ನನ್ನ ಮಗ "ನರಿ ಅಡವಿಗೆ ಹೊಂಟಿತ್ತು" ಅಂತ ಓದುತ್ತಾನೆ. ಮೊದಲಾದರೆ ತಿದ್ದುತ್ತಿದ್ದೆ. ಈಗ ಒಳಗೊಳಗೇ ಖುಷಿ. ಅರ್ಥ ಆಗದೆ ಹಾಗೆ ಬದಲಿಸಲು ಬರುತ್ತದಾ? ಅದನ್ನು ತಪ್ಪು ಅನ್ನಬೇಡಿ. ಪುಸ್ತಕದ ಮಾತು ಕಿವಿಗೆ ಬಿದ್ದಂತೆಲ್ಲ ಅದೂ ಬರುತ್ತದೆ.

ಆದರೆ ಅರ್ಕಾವತ್ತು ಮಾತ್ರ ತಾನಾಗಿ ಬರಲಿಲ್ಲ. 'ಸೂರ್ಯ' ಅನ್ನುವುದನ್ನು ಅವನು "ಸೂಯ ಒಂಬತ್ತು" ಅಂತ ಓದಿದ! ನಕ್ಕು ನಕ್ಕು ಹಿಟ್ಟು ಚೆಲ್ಲಿದೆ. ನೋಡಿದರೆ ಅವನದೇನು ತಪ್ಪು, ಆ ಗುರುತು ಕನ್ನಡದ ೯ರ ಹಾಗೇ ಇದೆ. ಮೇಲಾಗಿ ಬಾಯಲ್ಲಿ ಮೊದಲು ಬರುವ ರಕಾರ ಬರವಣಿಗೆಯಲ್ಲಿ ಹಿಂದೆ ನಿಲ್ಲುತ್ತದೆ. ಪುಸ್ತಕ ಮುಚ್ಚಿಸಿ, ಪರಾತದ ಹಿಟ್ಟಿನ ಮೇಲೆ ಬೆರಳಲ್ಲಿ ಸೂರ್ಯ, ಕಾರ್ಯ, ಮಾರ್ಗ ಬರೆಸಿದೆ. ಮೂರು ಸಂಜೆ ಸಾಕಾಯಿತು.

ಪುಸ್ತಕಕ್ಕೆ ಜಾಸ್ತಿ ದುಡ್ಡು ಬೇಡ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಹಂತದ ಲೆಕ್ಕದಲ್ಲಿ. ಒಂದನೇ ಹಂತದ ಕಥೆಯಲ್ಲಿ 250ಕ್ಕಿಂತ ಕಡಿಮೆ ಪದ. ಮೂರನೇ ಕ್ಲಾಸಿನವನಿಗೆ ಮೂರನೇ ಹಂತವೇ ಬೇಕು ಅಂತ ಹಟ ಮಾಡಬೇಡಿ, ಸಲೀಸಾಗಿ ಮುಗಿಸುವುದರಿಂದ ಶುರು ಮಾಡಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇಂಡಿ ಕಡೆಯ ನನ್ನ ತವರಿಗೆ ರಜೆಗೆ ಹೋದಾಗ ಮುತ್ಯಾ ಅವನನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ತಂದ ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿ, ಹಿಟ್ಟಿನ ಕೈ ತಾಗದೆ ಇರುವುದಿಲ್ಲ.

ಇನ್ನೂ ಅಕ್ಷರ ಕೂಡಿಸುವ ಮಗುವಾದರೆ ಬಸ್ ಸ್ಟ್ಯಾಂಡೇ ಸಾಕು, ಬೋರ್ಡಿನ ಮೇಲಿನ ಊರ ಹೆಸರು ಓದಿಸಿ. 'ಚಡಚಣ'ದಲ್ಲಿ ಕೊಂಬಿಲ್ಲ, ಒತ್ತಿಲ್ಲ. ಆಮೇಲೆ 'ಇಂಡಿ', 'ಸಿಂದಗಿ'. 'ಮುದ್ದೇಬಿಹಾಳ' ಓದಿದ ದಿನ ನನ್ನ ಮಗನಿಗೆ ಒಂದು ಪೇಪರ್ ಮಿಠಾಯಿ ಕೊಡಿಸಿದ್ದೆ.

ಆರ್ಡರ್ ಜಾಸ್ತಿ ಇದ್ದ ದಿನ ಕಥೆಗೆ ಪುರಸೊತ್ತಿಲ್ಲ. ಆಗ ಆರ್ಡರಿನ ನೋಟ್‌ಬುಕ್ಕನ್ನೇ ಅವನ ಕೈಗೆ ಕೊಡುತ್ತೇನೆ. ಮೊನ್ನೆ ಓದಿದ: "ಗುರುವಾರ, ಕಡಕ್ ರೊಟ್ಟಿ ಎಂಬತ್ತು, ಸಜ್ಜಿ ರೊಟ್ಟಿ ಇಪ್ಪತ್ತು." ಸ್ವಲ್ಪ ತಡೆದು, "ಅವ್ವಾ, ನೀ 'ರೊಟ್ಟಿ'ಗೆ ಒತ್ತು ಹಾಕಿಲ್ಲ" ಅಂದ.