ಹೆಸರೇ ಗೊತ್ತಿಲ್ದೇ ತಂದ ಬಳ್ಳಿ

ಕುಮಟಾದಲ್ಲಿರೋ ಅತ್ತೆ ಮನೆ ಜಗಲಿಲಿ ಒಂದು ಬಳ್ಳಿ ಇತ್ತು, ದಪ್ಪ ದಪ್ಪ ಎಲೆ, ಮುಟ್ಟಿದ್ರೆ ಮೇಣ ಹಚ್ಚಿದ ಹಾಗೆ. ಎಂತ ಗಿಡ ಅತ್ತೆ ಇದು ಅಂತ ಕೇಳಿದ್ದಕ್ಕೆ "ಯಂಗೂ ಗೊತ್ತಿಲ್ಲೆ ಮಾರಾಯ್ತಿ, ಒಂದ್ ತುಂಡು ತಗಂಡು ಹೋಗು" ಅಂದ್ರು. ಎರಡು ತುಂಡು ಮತ್ತೆ ಒಂದು ಬಿಡಿ ಎಲೆನ ಹಸಿ ಬಾಳೆಪಟ್ಟೇಲಿ ಸುತ್ಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆ.

ನೀರಿನ ಬಾಟಲಿಲಿ ಇಟ್ಟಿದ್ದೆ, ಮೂರು ವಾರ ಆಗೋ ಹೊತ್ತಿಗೆ ಗಣ್ಣಿನ ಹತ್ರ ಬೇರು ಬಂತು. ಬಿಡಿ ಎಲೆಗೂ ಬೇರು ಬಂತು, ಆದ್ರೆ ಅದು ಇವತ್ತಿಗೂ ಬರೀ ಎಲೆನೇ, ಒಂದು ಚಿಗುರಿಲ್ಲ. ಗಣ್ಣಿಲ್ದೇ ಇದ್ರೆ ಬಳ್ಳಿ ಹೊರಡೋದೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಫೆಬ್ರವರಿಲಿ ಅಂಗಡೀಲಿ ಹಾರ್ಟ್ ಶೇಪಿನ ಒಂಟಿ ಎಲೆನ ಸಣ್ಣ ಪಾಟಲ್ಲಿ ಇಟ್ಟು ಮಾರ್ತಾರಲ್ಲ, ಅದರ ಕಥೆನೂ ಹೆಚ್ಚಾಗಿ ಇದೇ.

ಮೊದಲ ತಪ್ಪು ಮಣ್ಣು. ತೋಟದ ಕೆಂಪು ಮಣ್ಣಿಗೆ ಗೊಬ್ಬರ ಬೆರೆಸಿ ನೆಟ್ಟೆ, ಜುಲೈ ಮಳೆಗೆ ಒಂದು ತುಂಡು ಬುಡ ಕಪ್ಪಾಗಿ ಕೊಳೆತೇ ಹೋಯ್ತು. ಉಳಿದಿದ್ದನ್ನ ಕಿತ್ತು ನೋಡ್ವಾಗ ಎಲೆ ಮುರಿದು ಬಿಳೀ ಹಾಲು ಬಂತು ನೋಡಿ, ಅಲ್ಲಿಂದ ಶುರುವಾಯ್ತು ಹೆಸರು ಹುಡುಕೋ ಕೆಲಸ. ಅಲ್ಲಿವರೆಗೆ ಫೋನಲ್ಲಿ ಫೋಟೋ ಹೊಡೆದ್ರೆ ದಿನಕ್ಕೊಂದು ಹೆಸರು ಹೇಳ್ತಿತ್ತು, ಜಾಸ್ತಿ ಸಲ ಪೆಪರೋಮಿಯಾ ಅಂತಾನೇ. ಪೆಪರೋಮಿಯಾಕ್ಕೆ ಹಾಲಿಲ್ಲ, ಮನಿಪ್ಲಾಂಟಿಗೆ ಎಲೆ ಹಿಂಗೆ ಎದುರುಬದುರು ಜೋಡಿಯಾಗಿ ಬರಲ್ಲ. ಹಾಲು, ಜೋಡಿ ಎಲೆ, ಮೇಣದ ಹೊಳಪು ಮೂರನ್ನೂ ಸೇರಿಸಿ ಹುಡುಕಿದ್ಮೇಲೆ ಹೋಯಾ ಅಂತ ಸಿಕ್ತು, ನಮ್ಮ ಎಕ್ಕ, ಕಣಗಿಲೆ, ನಂಜಬಟ್ಟಲು ಎಲ್ಲಾ ಸೇರೋ ಕುಟುಂಬದ್ದೇ. ಥಾಮಸ್ ಹೋಯ್ ಅನ್ನೋ ಇಂಗ್ಲೆಂಡಿನ ತೋಟದ ಮಾಲಿಯ ಹೆಸರನ್ನೇ 1810ರಲ್ಲಿ ಇದಕ್ಕೆ ಇಟ್ಟಿದ್ದಂತೆ. ಮಾಲಿ ಹೆಸರು ಇಟ್ಟಿದ್ದು ನಂಗೆ ಖುಷಿ ಆಯ್ತು, ಯಾವಾಗ್ಲೂ ದೊರೆಗಳದ್ದೇ ಇಡ್ತಾರಲ್ಲ.

ಹೆಸರು ಸಿಕ್ಕಿದ್ದಕ್ಕೆ ಆರೈಕೆ ಸುಲಭ ಆಯ್ತು. ಇದು ನಮ್ಮ ಸೀತಾಳೆದಂಡೆ ಥರ ಮರದ ಮೇಲೆ ಕೂತು ಬೆಳೆಯೋ ಜಾತಿ (ಬಂದಳಿಕೆ ಹಾಗೆ ಮರದ ರಸ ಹೀರಲ್ಲ, ಸುಮ್ನೆ ಹಿಡ್ಕೊಂಡು ಕೂತಿರ್ತದೆ), ಅಂಥದ್ದನ್ನ ಜಿಗುಟು ಮಣ್ಣಲ್ಲಿ ಹೂತಿದ್ದೆ ನಾನು. ಕಾಯಿಸಿಪ್ಪೆ ಚೂರು ಮಾಡಿ ನೆನೆಸಿ ಕೆಂಪು ನೀರು ಚೆಲ್ಲಿ, ಅದಕ್ಕೆ ಇದ್ದಿಲು, ಒಂದು ಮುಷ್ಟಿ ಗೊಬ್ಬರ ಸೇರಿಸಿ ಸಣ್ಣ ಪಾಟಿಗೆ ಹಾಕಿದೆ. ಪೂರ್ವದ ಕಿಟಕಿ ಹತ್ರ ನೇತುಹಾಕಿದೆ, ಬೆಳಗಿನ ಬಿಸಿಲು ಸಾಕು. ನೀರಿಗೆ ದಿನ ಲೆಕ್ಕ ಇಟ್ಕೊಂಡಿಲ್ಲ, ಹಳೇ ಎಲೆನ ಮೆತ್ತಗೆ ಬಗ್ಗಿಸಿ ನೋಡ್ತೀನಿ, ಗಟ್ಟಿಯಾಗಿದ್ರೆ ಹಾಕಲ್ಲ, ಮಡಚೋ ಹಾಗಿದ್ರೆ ಹಾಕ್ತೀನಿ. ಮಳೆಗಾಲದಲ್ಲಿ ಹಾಕೋದೇ ಅಪರೂಪ. ಒಂದ್ಸಲ ಬಿಳಿ ಹಿಟ್ಟಿನಂಥ ಹುಳ ಬಂದಿತ್ತು, ಅದರ ಹಿಂದೇನೇ ಇರುವೆ, ಬೇವಿನೆಣ್ಣೆ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ ಒರೆಸಿ ಹೋಯ್ತು.

ಆಮೇಲೆ ಎಲೆನೇ ಇಲ್ಲದ ಉದ್ದುದ್ದ ಬಳ್ಳಿ ಬಿಡೋಕೆ ಶುರು ಮಾಡ್ತು, ಒಣಗಿದ ದಾರದ ಹಾಗೆ. ಕತ್ತರಿ ತಗಂಡು ಹೋಗಿದ್ದೆ, ಸೋಮಾರಿತನಕ್ಕೆ ಬಿಟ್ಟೆ. ಮೂರನೇ ವರ್ಷ ಏಪ್ರಿಲಲ್ಲಿ ಅದೇ ದಾರದಿಂದ ಒಂದು ಸಣ್ಣ ತೊಟ್ಟು ಬಂದು, ಅದರ ತುದಿಗೆ ಮೊಗ್ಗಿನ ಚೆಂಡು! ಮಾಸಲು ಗುಲಾಬಿ ನಕ್ಷತ್ರ, ನಡುವೆ ಕೆಂಪು ಚುಕ್ಕೆಯ ಇನ್ನೊಂದು ನಕ್ಷತ್ರ, ಎಕ್ಕದ ಹೂವಿನ ತಂಗಿ ಅನ್ನಬಹುದು. ಹೂ ನೋಡಿದ್ಮೇಲೇ ಹೋಯಾ ಕಾರ್ನೋಸಾ ಅಂತ ಖಾತ್ರಿ ಆಗಿದ್ದು. ರಾತ್ರಿ ಆದ್ರೆ ಪರಿಮಳ ನಡುಮನೆವರೆಗೆ. ಹೂ ಉದುರಿದ್ಮೇಲೆ ಆ ತೊಟ್ಟನ್ನ ಮಾತ್ರ ಕೀಳಬೇಡಿ, ಮುಂದಿನ ವರ್ಷ ಅದೇ ತೊಟ್ಟಿಗೆ ಮತ್ತೆ ಹೂ ಬರ್ತದೆ, ನಮ್ಮನೇಲಿ ಬಂತು.

ಫೋಟೋ ಕಳ್ಸಿದ ಕೂಡ್ಲೇ ಅತ್ತೆ ಫೋನ್ ಮಾಡಿದ್ರು. ಅವರ ಬಳ್ಳಿ ಇಷ್ಟು ವರ್ಷದಲ್ಲಿ ಒಂದ್ಸಲನೂ ಹೂ ಬಿಟ್ಟಿಲ್ಲ. ಆ ಎಲೆಯಿಲ್ಲದ ಬಳ್ಳಿ ಏನು ಮಾಡ್ತೀರಿ ಅಂತ ಕೇಳಿದೆ. "ಅದಾ, ದೀಪಾವಳಿ ಹೊತ್ತಿಗೆ ಜಗಲಿ ಚೊಕ್ಕ ಕಾಣ್ಲಿ ಹೇಳಿ ಎಲ್ಲಾ ಕತ್ತರಿಸಿ ಬಿಸಾಡ್ತಿ" ಅಂದ್ರು.