ಹಳೆ ಡೈನಮೋಗೆ ಎಲ್‌ಇಡಿ ಕೂರಿಸಿದ್ದು

ಹಳೆ ಸೈಕಲ್ಲಿನ ಡೈನಮೋ ಸತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಸುಲಭಕ್ಕೆ ನಂಬುವುದಿಲ್ಲ. ಒಳಗೆ ತಿರುಗುವ ಒಂದು ಆಯಸ್ಕಾಂತ, ಸುತ್ತ ತಾಮ್ರದ ಸುರುಳಿ, ಅಷ್ಟೇ. ಕೆಡೋಕೆ ಏನಿದೆ? ಸಾಮಾನ್ಯವಾಗಿ ಕೆಟ್ಟಿರುವುದು ಅರ್ಥ್, ಅಂದರೆ ಕರೆಂಟು ವಾಪಸ್ ಬರುವ ದಾರಿ.

ನನ್ನದು ರಾಡ್ ಬ್ರೇಕಿನ ಹರ್ಕ್ಯುಲಿಸ್. ಲೈಟಿಲ್ಲದೆ ರಾತ್ರಿ ಹೊರಟರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ ಕಾಲದ್ದು. ಅದರ ಮುಂದಿನ ಫೋರ್ಕಿನಲ್ಲಿ 6 ವೋಲ್ಟ್, 3 ವಾಟ್‌ನ ಬಾಟಲಿ ಡೈನಮೋ ಇದೆ, ಅಂದರೆ ಬಾಟಲಿಯಾಕಾರದ್ದು, ತುದಿಯ ರೋಲರ್ ಟೈರಿಗೆ ಒತ್ತಿಕೊಂಡು ತಿರುಗುವಂಥದ್ದು. ಇದರಿಂದ ಹೊರಡುವುದು ಒಂದೇ ವೈರು. ಕರೆಂಟು ವಾಪಸ್ ಬರುವುದು ಸೈಕಲ್ಲಿನ ಕಬ್ಬಿಣದ ಮೂಲಕ. ಕ್ಲಾಂಪಿನ ಕೆಳಗೆ ತುಕ್ಕು ಹಿಡಿದರೆ, ಇಲ್ಲವೇ ಯಾರಾದರೂ ಚೆಂದಕ್ಕೆ ಪೇಂಟ್ ಹೊಡೆದಿದ್ದರೆ, ದಾರಿ ಅಲ್ಲೇ ಬಂದ್. ಕ್ಲಾಂಪಿನಲ್ಲಿ ಚೂಪು ತುದಿಯ ಪುಟ್ಟ ಸ್ಕ್ರೂ ಒಂದಿರುತ್ತದೆ. ಪೇಂಟ್ ಸೀಳಿ ಲೋಹಕ್ಕೆ ಕಚ್ಚಿಕೊಳ್ಳಲಿ ಅಂತಲೇ ಅದನ್ನು ಇಟ್ಟಿರುವುದು. ನನ್ನ ಡೈನಮೋದಲ್ಲಿ ಅದರ ತುದಿ ಸವೆದು ಮೊಂಡಾಗಿತ್ತು. ಎಮರಿ ಪೇಪರಿನಿಂದ ಅಷ್ಟು ಜಾಗ ಉಜ್ಜಿ, ಹೊಸ ಸ್ಕ್ರೂ ಬಿಗಿದೆ. ಮಲ್ಟಿಮೀಟರನ್ನು ಎಸಿಗೆ ಇಟ್ಟು ಚಕ್ರ ತಿರುಗಿಸಿದರೆ ವೋಲ್ಟೇಜ್ ಚೆನ್ನಾಗಿಯೇ ಬಂತು.

ಆದರೂ ರೋಲರ್ ಬಿಗಿಯಾಗಿತ್ತು. ಅದರ ಅಕ್ಷ ತಿರುಗುವ ಬುಷ್‌ನಲ್ಲಿ ಹಳೆ ಗ್ರೀಸು ಅಂಟಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹನಿಸಿ ಒಂದು ರಾತ್ರಿ ಬಿಟ್ಟು, ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ ಬಿಟ್ಟೆ. ಆಯಸ್ಕಾಂತವನ್ನು ಹೊರಗೆ ಎಳೆಯಲಿಲ್ಲ. ಹಳೆಯ ಆಲ್ನಿಕೋ ಆಯಸ್ಕಾಂತಗಳು ಸುತ್ತಲಿನ ಕಬ್ಬಿಣದಿಂದ ಈಚೆ ಬಂದರೆ ಶಕ್ತಿ ಕಳೆದುಕೊಳ್ಳುತ್ತವೆ. ಚಕ್ರದ ಹಬ್ಬಿನೊಳಗೇ ಡೈನಮೋ ಇರುವ ಸ್ಟರ್ಮೆ ಆರ್ಚರ್ ಡೈನೋಹಬ್ ಇಟ್ಟುಕೊಂಡವರಂತೂ ಈ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು.

ಮೊದಲಿದ್ದ ಏರ್ಪಾಡಿನಲ್ಲಿ ಮುಂದೆ 2.4 ವಾಟ್, ಹಿಂದೆ 0.6 ವಾಟ್ ಬಲ್ಬು. ಹಿಂದಿನದು ಸುಟ್ಟುಹೋದರೆ ಅದರ ಪಾಲಿನ ಕರೆಂಟೂ ಮುಂದಿನದಕ್ಕೇ ನುಗ್ಗಿ ಅದೂ ಬೇಗ ಹೋಗುತ್ತದೆ. ಕಾರಣ, ಡೈನಮೋ ಬ್ಯಾಟರಿಯ ಹಾಗಲ್ಲ. ಸೈಕಲ್ ಒಂದು ಹದದ ವೇಗಕ್ಕೆ ಬಂದ ಮೇಲೆ ಎಷ್ಟೇ ಜೋರಾಗಿ ತುಳಿದರೂ ಕರೆಂಟು ಸುಮಾರು ಅರ್ಧ ಆಂಪಿಯರ್ ಹತ್ತಿರವೇ ನಿಲ್ಲುತ್ತದೆ. ವೇಗದ ಜೊತೆ ಸುರುಳಿಯ ತಡೆಯೂ ಏರುತ್ತಾ ಹೋಗುವುದರಿಂದ ಹೀಗೆ. ಬಲ್ಬಿಗೆ ಇದು ಅಷ್ಟಕ್ಕಷ್ಟೆ, ಎಲ್‌ಇಡಿಗೆ ಮಾತ್ರ ಹೇಳಿ ಮಾಡಿಸಿದ್ದು. ಕರೆಂಟು ಹದದಲ್ಲಿಡುವ ಬೇರೆ ಸರ್ಕ್ಯೂಟು (ಡ್ರೈವರ್) ಏನೂ ಬೇಡ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಾಮಾನು ತಂದೆ. 3 ವಾಟ್‌ನ ಎರಡು ಬಿಳಿ ಎಲ್‌ಇಡಿ, ನಾಲ್ಕು 1ಎನ್5819 ಡಯೋಡು, 1000 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್. 1ಎನ್4007 ಅಗ್ಗ, ಆದರೆ ಪ್ರತಿಯೊಂದೂ ಒಂದು ವೋಲ್ಟಿನಷ್ಟು ನುಂಗುತ್ತದೆ. ಡೈನಮೋದ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಜೋಡಣೆಗೆ ಬ್ರಿಡ್ಜ್ ಅಂತಾರೆ, ಅದರಲ್ಲಿ ಯಾವಾಗಲೂ ಎರಡು ಡಯೋಡು ದಾಟಬೇಕಲ್ವಾ? 6 ವೋಲ್ಟಿನಲ್ಲಿ ಅಷ್ಟು ದಂಡ ಕಟ್ಟೋಕೆ ಆಗಲ್ಲ. 1ಎನ್5819 ಶಾಟ್ಕಿ ಜಾತಿಯದು, ಅದರಲ್ಲಿ ನಷ್ಟ ಅದರ ಸುಮಾರು ಅರ್ಧದಷ್ಟೇ. ಎಲ್‌ಇಡಿಗಳನ್ನು ಒಂದರ ಹಿಂದೆ ಒಂದರಂತೆ ಸೀರೀಸ್‌ನಲ್ಲಿ ಸೇರಿಸಿದೆ. ಲೋಡ್ ಇಲ್ಲದೆ ಡೈನಮೋ ತಿರುಗಿದರೆ ವೋಲ್ಟೇಜ್ ಹತ್ತಾರು ವೋಲ್ಟಿಗೆ ಏರುತ್ತದೆ. ವೈರು ಕಿತ್ತರೆ ಕೆಪಾಸಿಟರ್ ಸಿಡಿಯಬಾರದು ಅಂತ ಅದಕ್ಕೆ ಅಡ್ಡವಾಗಿ 5 ವಾಟ್‌ನ 12 ವೋಲ್ಟ್ ಜೀನರ್ (ವೋಲ್ಟೇಜ್ ಮಿತಿ ದಾಟದಂತೆ ತಡೆಯುವ ಡಯೋಡು) ಒಂದನ್ನು ಹಾಕಿದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬ್ರಿಡ್ಜ್ ಹಾಕಿದ ಮೇಲೆ ಡಿಸಿ ಕಡೆಯ ಮೈನಸ್ಸನ್ನು ಸೈಕಲ್ಲಿನ ಮೈಗೆ ಮುಟ್ಟಿಸಲೇಬಾರದು. ಡೈನಮೋದ ಒಂದು ತುದಿ ಆಗಲೇ ಅಲ್ಲಿದೆ. ಮೈನಸ್ಸೂ ಅಲ್ಲಿಗೇ ಸೇರಿದರೆ ಅರ್ಧ ಸುತ್ತಿನ ಕರೆಂಟು ಎಲ್‌ಇಡಿ ಮುಟ್ಟದೆ ಹಾಗೇ ಹರಿದುಹೋಗುತ್ತದೆ. ಬೆಳಕು ಮಂಕಾಗುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ. ಅದಕ್ಕೇ ಹಿಂದಿನ ದೀಪಕ್ಕೆ ಎರಡು ವೈರು ಎಳೆದೆ. ಡೂಮ್, ಅಂದರೆ ಮುಂದಿನ ದೀಪದ ಗೂಡಿನ ಒಳಗೆ ಎಲ್‌ಇಡಿ ಕೂರುವ ತಟ್ಟೆಯ ಕೆಳಗೂ ಪ್ಲಾಸ್ಟಿಕ್ ವಾಷರ್ ಇಟ್ಟೆ.

ಡೂಮ್ ವಿಷಯಕ್ಕೆ ಬಂದರೆ, ಕನ್ನಡಿಯಂಥ ಹಳೆ ರಿಫ್ಲೆಕ್ಟರ್ ಒಳಗೆ ಸುಮ್ನೆ ಎಲ್‌ಇಡಿ ಕೂರಿಸಿದರೆ ಕೆಲಸಕ್ಕೆ ಬರುವುದಿಲ್ಲ. ಬಲ್ಬಿನ ಬೆಳಕು ಎಲ್ಲ ಕಡೆಗೂ ಹೋಗಿ ರಿಫ್ಲೆಕ್ಟರಿಗೆ ಬಡಿದು ಮುಂದಕ್ಕೆ ಬರುತ್ತಿತ್ತು. ಎಲ್‌ಇಡಿಯದು ಮುಂದಕ್ಕೇ ಹೋಗುತ್ತದೆ, ರಿಫ್ಲೆಕ್ಟರ್ ಬರೀ ಸಾಕ್ಷಿ. ಹಾಗಾಗಿ ಅದನ್ನು ಬಿಚ್ಚಿ, ಅಲ್ಯೂಮಿನಿಯಂ ತಟ್ಟೆಗೆ ಎಲ್‌ಇಡಿ ಅಂಟಿಸಿ, ಮೇಲೆ 10 ಡಿಗ್ರಿಯ ಲೆನ್ಸ್ ಕೂರಿಸಿದೆ. ಶಾಖ ಹೀರುವುದೂ ಆ ತಟ್ಟೆಯೇ. ಹೊರಗಿನ ಗಾಜು, ಕ್ರೋಮ್ ಅಂಚು ಇದ್ದ ಹಾಗೇ ಇವೆ. ರಿಫ್ಲೆಕ್ಟರನ್ನು ಉಜ್ಜದೆ, ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಅದರ ಬೆಳ್ಳಿ ಲೇಪ ಪಾಲಿಷ್ ಹಾಕಿದರೆ ಕಿತ್ತು ಬರುತ್ತದೆ. ಬೇಕೆಂದಾಗ ಎಲ್ಲವನ್ನೂ ಮೊದಲಿನಂತೆ ಜೋಡಿಸಲು ಬರಬೇಕು, ಇದು ನನ್ನ ಹಟ.

ಹಿಂದಿನ ದೀಪಕ್ಕೆ ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಜೊತೆಗೆ 5.5 ವೋಲ್ಟ್, 1 ಫ್ಯಾರಡ್‌ನ ಸೂಪರ್ ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವಂಥದ್ದು. ಅದು 100 ಓಮ್ ದಾಟಿ ಚಾರ್ಜ್ ಆಗುತ್ತದೆ, 5.1 ವೋಲ್ಟಿನ ಜೀನರ್ ಕಾವಲಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನದು ಆರಿದರೂ ಹಿಂದಿನದು ಉರಿಯುತ್ತಲೇ ಇರುತ್ತದೆ. ನನಗೆ ಹಿಂದಿನದೇ ಮುಖ್ಯ. ಲಾರಿಯವನಿಗೆ ಕಾಣಬೇಕಾದ್ದು ಅದೇ.

ಡೈನಮೋ ಕೂರಿಸುವಾಗ ಅದರ ಅಕ್ಷದ ಗೆರೆ ಚಕ್ರದ ಆಕ್ಸೆಲ್ ನಡುವಿಗೆ ನೆಟ್ಟಗಿರಬೇಕು. ದಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಓರೆಯಾದರೆ ಟೈರಿನ ಪಕ್ಕ ಸವೆಯುತ್ತದೆ, ಕಿರಗುಟ್ಟುತ್ತದೆ, ತುಳಿಯಲು ಭಾರ. ಮಳೆಯಲ್ಲಿ ಒದ್ದೆ ಟೈರಿನ ಮೇಲೆ ರೋಲರ್ ಜಾರುವುದು ಇನ್ನೂ ಇದೆ. ರೋಲರಿಗೆ ರಬ್ಬರ್ ಟೋಪಿ ಹಾಕಿದ್ದೇನೆ. ತುಂತುರಿಗೆ ಪರವಾಗಿಲ್ಲ, ಜೋರು ಮಳೆಗೆ ಅದೂ ಸಾಲದು.